ಕಟಿಂಗ್ ಮಾಮನ ಕಾರ್ಟೂನು

ಆ ಬೀದಿಯ ಮಕ್ಕಳಿಗೆಲ್ಲ ಅವರು ಕಟಿಂಗ್ ಮಾಮ. ಮಕ್ಕಳ ಬಾಯಿಂದ ದೊಡ್ಡವರ ಬಾಯಿಗೂ ಅದೇ ಹೆಸರು ಹತ್ತಿಕೊಂಡು, ಕೊನೆಗೆ ಹೆಂಡತಿಯೂ ಸಿಟ್ಟು ಬಂದಾಗ "ಏನ್ರೀ, ಕಟಿಂಗ್ ಮಾಮ" ಎಂದೇ ಜಗಳ ಶುರು ಮಾಡುತ್ತಿದ್ದರು. ಅಪ್ಪನ ಕಾಲದಿಂದ ಬಂದ ಕ್ಷೌರದಂಗಡಿ ಅದು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬಾಗಿಲ ಮೂಲೆಯಲ್ಲಿ ಗುಡಿಸಿಟ್ಟ ಕೂದಲ ಗುಡ್ಡೆ. ಮಾಮನಿಗೆ ಕೂದಲು ಹೊಟ್ಟೆಪಾಡು. ಪ್ರಾಣವಿದ್ದದ್ದು ಕಾರ್ಟೂನಿನಲ್ಲಿ. ಅದೇಕೆ ಎಂದು ಕೇಳಿದರೆ ಅವರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಹುಚ್ಚು ಹತ್ತಿದ್ದು ಚಿತ್ರಮಂದಿರದಲ್ಲಿ. ಆಗೆಲ್ಲ ದೊಡ್ಡ ಸಿನಿಮಾ ಶುರುವಾಗುವ ಮೊದಲು ಏನಾದರೊಂದು ಚಿಕ್ಕದನ್ನು ತೋರಿಸುತ್ತಿದ್ದರು. ಅಪ್ಪನ ಪಕ್ಕದಲ್ಲಿ ಕಾಲು ನೆಲಕ್ಕೆ ಎಟುಕದ ಹಾಗೆ ಕುಳಿತಿದ್ದ ಹುಡುಗನ ಮುಂದೆ ಆ ದಿನ ಒಂದು ಕರಡಿ ಬಂತು. ಕರಡಿ ಏಣಿ ಹತ್ತಿ ಗೋಡೆಗೆ ಬಣ್ಣ ಹೊಡೆಯುತ್ತಿತ್ತು. ಕೆಳಗೊಂದು ಮೇಕೆ ಬಂದು ಏಣಿಯನ್ನು ಎಳೆದುಕೊಂಡು ಹೋಯಿತು. ಕರಡಿಗೆ ಗೊತ್ತೇ ಇಲ್ಲ, ಗಾಳಿಯಲ್ಲಿ ನಿಂತುಕೊಂಡು ಬಣ್ಣ ಹೊಡೆಯುತ್ತಲೇ ಇದೆ! ಬ್ರಷ್ಷು ಅದ್ದಲು ನೋಡಿದರೆ ಡಬ್ಬಿ ಇಲ್ಲ. ಕಾಲಿನಿಂದ ತಡಕಿದರೆ ಮೆಟ್ಟಿಲಿಲ್ಲ. ಮೆಲ್ಲಗೆ ಕೆಳಗೆ ನೋಡಿತು. ಆಮೇಲೆ ತಲೆಯೆತ್ತಿ, ಕುಳಿತಿದ್ದ ಅಷ್ಟೂ ಜನರನ್ನು ನೇರವಾಗಿ ನೋಡಿತು. ನೋಡಿ, ಬಿತ್ತು.

ಹುಡುಗ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಅಪ್ಪ ಬೆನ್ನಿಗೆ ಗುದ್ದಿದರು. ಅಷ್ಟರಲ್ಲಿ ದೊಡ್ಡ ಸಿನಿಮಾ ಶುರುವಾಗಿ ಪರದೆಯ ಮೇಲೆ ಯಾರೋ ಅಳತೊಡಗಿದ್ದರು.

"ಅಪ್ಪ, ಕರಡಿ ಮತ್ತೆ ಯಾವಾಗ ಬರುತ್ತೆ?"

"ಬರಲ್ಲ. ಸುಮ್ನೆ ಕೂತ್ಕೋ."

ಮೀಸೆ ಬಂದ ಮೇಲೂ ಅವರು ಚಿತ್ರಮಂದಿರಕ್ಕೆ ಹೋಗುತ್ತಿದ್ದದ್ದು ಆ ಚಿಕ್ಕದಕ್ಕಾಗಿಯೇ. ದೊಡ್ಡದು ಶುರುವಾಗುವಾಗ ಎದ್ದು ಹೊರಗೆ ಬಂದರೆ ಗೇಟಿನವನು ಗಾಬರಿಯಾಗುತ್ತಿದ್ದ. "ಸಿನಿಮಾ ಈಗ ತಾನೇ ಶುರುವಾಯ್ತಲ್ಲಪ್ಪ!" ಎಂದರೆ, "ನಂದು ಮುಗೀತಣ್ಣ" ಎಂದು ಸೈಕಲ್ ಹತ್ತುತ್ತಿದ್ದರು.

ಮುಂದೆ ಬೀದಿಗೆ ಟಿವಿ ಬಂತು. ಮೊದಲು ಬಂದದ್ದು ಔಷಧಿ ಅಂಗಡಿಯವರ ಮನೆಗೆ. ಭಾನುವಾರ ಬೆಳಿಗ್ಗೆ ಅದರಲ್ಲಿ ಅರ್ಧ ಗಂಟೆ ಹಳೆಯ ಕಾರ್ಟೂನುಗಳನ್ನು ಹಾಕುತ್ತಿದ್ದರು. ಕ್ಷೌರದಂಗಡಿಯವನಿಗೆ ಭಾನುವಾರ ಬೆಳಿಗ್ಗೆ ಎಂದರೆ ಉಸಿರಾಡಲು ಪುರುಸೊತ್ತಿರದ ಹೊತ್ತು. ಆದರೂ ಆ ಸಮಯಕ್ಕೆ ಸರಿಯಾಗಿ ಮಾಮ ಕತ್ತಿ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಕುರ್ಚಿಯಲ್ಲಿ ಶಾಲೆಯ ಮೇಷ್ಟ್ರು ಕುಳಿತಿದ್ದರು. ಒಂದು ಕೆನ್ನೆ ಆಗಿತ್ತು, ಇನ್ನೊಂದು ಕೆನ್ನೆಯ ಮೇಲೆ ನೊರೆ ಹಾಗೇ ಇತ್ತು.

"ಮೇಷ್ಟ್ರೇ, ಒಂದರ್ಧ ಗಂಟೆ. ಈಗ ಬಂದೆ."

"ಅರ್ಧ ಗಂಟೆನಾ? ಈ ಅರ್ಧ ಮುಖ ಇಟ್ಕೊಂಡು ನಾನೇನಯ್ಯಾ ಮಾಡ್ಲಿ?"

"ನೀವೂ ಬನ್ನಿ ಮತ್ತೆ."

ಮೇಷ್ಟ್ರು ಕೊರಳಿನ ಬಟ್ಟೆಯ ಸಮೇತ ರಸ್ತೆ ದಾಟಿ ಹೋದರು. ಔಷಧಿ ಅಂಗಡಿಯವರ ನಡುಮನೆಯಲ್ಲಿ ತಮ್ಮದೇ ವಿದ್ಯಾರ್ಥಿಗಳ ನಡುವೆ ನೆಲದ ಮೇಲೆ ಕುಳಿತು, ನೊರೆ ಒಣಗಿ ಚಕ್ಕೆ ಏಳುವವರೆಗೆ ನಕ್ಕರು. ಅಲ್ಲಿಂದ ಮುಂದೆ ಅವರು ಭಾನುವಾರದ ಕ್ಷೌರಕ್ಕೆ ಬೇಕೆಂದೇ ಆ ಹೊತ್ತಿಗೆ ಬರತೊಡಗಿದರು.

ಮದುವೆಯಾದ ಮೇಲಾದರೂ ಇದೆಲ್ಲ ನಿಲ್ಲುತ್ತದೆ ಎಂದು ಮನೆಯವರ ಎಣಿಕೆ. ಹೆಂಡತಿ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದರು, ಮಾತಿನಲ್ಲೂ ಕೆಲಸದಲ್ಲೂ ಚುರುಕು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರುಚಿ ಹತ್ತಿಸಲು ಮಾಮ ಪಟ್ಟ ಪಾಡು ಒಂದೆರಡಲ್ಲ.

"ನೋಡೇ, ಈಗ ನೋಡು, ಈಗ ನೋಡು!"

"ಬೆಳಿಗ್ಗೆಯಿಂದ ಕಾಲರ್ ಹೊಲಿದು ಕತ್ತು ಬಿದ್ದೋಗಿದೆ. ಆ ಇಲಿ ಯಾರನ್ನ ಅಟ್ಟಿಸ್ಕೊಂಡು ಹೋದ್ರೆ ನನಗೇನ್ರೀ?"

"ಇಲಿ ಅಲ್ಲ ಕಣೇ, ಅಳಿಲು."

"ಯಾವುದೋ ಒಂದು. ಬಾಲ ಇದೆಯಲ್ಲ, ಸಾಕು."

ಆಮೇಲೆ ಅಂಗಡಿಗೇ ಒಂದು ಟಿವಿ ಬಂತು, ಕ್ಯಾಸೆಟ್ ಹಾಕುವ ಪೆಟ್ಟಿಗೆಯೂ ಬಂತು. ಕನ್ನಡಿಯ ಮೇಲೆ ಜಾಗವಿರಲಿಲ್ಲವಾದ್ದರಿಂದ ಅದನ್ನು ಎದುರಿನ ಗೋಡೆಗೆ, ಬೆಂಚಿನ ಮೇಲುಗಡೆ ಕಟ್ಟಿದರು. ಹಾಗಾಗಿ ಮಾಮನೂ ಕುರ್ಚಿಯಲ್ಲಿದ್ದವರೂ ಕಾರ್ಟೂನನ್ನು ನೋಡುತ್ತಿದ್ದದ್ದು ಕನ್ನಡಿಯಲ್ಲಿ. ಎಡಕ್ಕೆ ಓಡುವ ಮೊಲ ಬಲಕ್ಕೆ ಓಡುತ್ತಿತ್ತು, ಅಕ್ಷರಗಳೆಲ್ಲ ಹಿಂದುಮುಂದು. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಕತ್ತರಿ ಕಂಡರೆ ಕಿರುಚುವ ಮಕ್ಕಳು ಕುರ್ಚಿಯ ಕೈಗಳ ಮೇಲೆ ಹಾಕಿದ ಹಲಗೆಯ ಮೇಲೆ ಬಾಯಿ ತೆರೆದುಕೊಂಡು ಬೊಂಬೆಗಳ ಹಾಗೆ ಕೂರುತ್ತಿದ್ದವು. ಬೇರೆ ಬೀದಿಗಳಿಂದಲೂ ತಾಯಂದಿರು ಮಕ್ಕಳನ್ನು ಎಳೆದು ತರತೊಡಗಿದರು. ಯಾವ ಜಾಗದಲ್ಲಿ ನಗು ಬರುತ್ತದೆಂದು ಮಾಮನಿಗೆ ಬಾಯಿಪಾಠ. ಅದು ಬರುವುದಕ್ಕೆ ಸ್ವಲ್ಪ ಮುಂಚೆಯೇ ಕೆನ್ನೆಯಿಂದ ಕತ್ತಿ ಎತ್ತಿ, ಪಕ್ಕಕ್ಕೆ ಹಿಡಿದು, ಹೊಟ್ಟೆ ಕುಣಿಸಿಕೊಂಡು ನಕ್ಕು, ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು. ಆ ನಗು ರಸ್ತೆಯ ಆಚೆ ಬದಿಗೂ ಕೇಳಿಸುತ್ತಿತ್ತು.

ಕಂಪ್ಯೂಟರಿನಲ್ಲಿ ಮಾಡಿದ ಹೊಸ ಕಾರ್ಟೂನುಗಳು ಬಂದಾಗ ಅವನ್ನೂ ಹಾಕಿ ನೋಡಿದರು. ಒಗ್ಗಲಿಲ್ಲ. "ಎಲ್ಲ ಪ್ಲಾಸ್ಟಿಕ್ ಬಕೆಟ್ ಹಾಗೆ ಹೊಳೀತವೆ. ಹಳೇದ್ರಲ್ಲಿ ಆಕಾಶ ನೋಡಿ ಸಾರ್, ಬ್ರಷ್ಷಿನ ಗೀರು ಕಾಣುತ್ತೆ. ಯಾರೋ ಕೂತು ಬರ್ದಿದಾರೆ," ಎನ್ನುತ್ತಿದ್ದರು. ನಗುವಿನ ಬಗ್ಗೆ ಅವರದೇ ಒಂದು ಸಿದ್ಧಾಂತವೂ ಇತ್ತು. "ಬಿದ್ದಿದ್ದಕ್ಕೆ ನಗು ಬರಲ್ಲ. ಬೀಳ್ತೀನಿ ಅಂತ ಅದಕ್ಕೆ ಗೊತ್ತಾಗುತ್ತಲ್ಲ, ಆಗ ಅದರ ಮುಖ ನೋಡಿ. ಇರೋದೆಲ್ಲ ಅಲ್ಲೇ."

ಹೀಗೆಯೇ ವರ್ಷಗಳು ಉರುಳಿದವು. ಮಗಳು ಹುಟ್ಟಿ, ಬೆಳೆದು, ರಕ್ತಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಳು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ದಿನವಿಡೀ ಕಾರ್ಟೂನು ಹಾಕುವ ಚಾನೆಲ್ಲುಗಳು ಬಂದವು. ಅದೊಂದರಲ್ಲಿ ಮಧ್ಯಾಹ್ನ ಹಳೆಯವನ್ನು ಹಾಕುತ್ತಿದ್ದರು. ಮಾಮ ಊಟದ ಹೊತ್ತನ್ನೇ ಅದಕ್ಕೆ ಹೊಂದಿಸಿಕೊಂಡರು.

ನಡುಕ ಶುರುವಾದದ್ದು ಬಲಗೈಯ ಹೆಬ್ಬೆರಳಿನಲ್ಲಿ. ಸುಮ್ಮನೆ ಕುಳಿತಾಗ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಕಾಣದ ಕಾಳೊಂದನ್ನು ಹೊಸಕುವ ಹಾಗೆ. ಕತ್ತಿ ಹಿಡಿದರೆ ನಿಲ್ಲುತ್ತಿತ್ತು. ಸ್ವಲ್ಪ ಕಾಲವಾದ ಮೇಲೆ ಕತ್ತಿ ಹಿಡಿದರೂ ನಿಲ್ಲದಾಯಿತು. ಮಾಮ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ಗಡ್ಡ ತೆಗೆಯತೊಡಗಿದರು. ಗಿರಾಕಿಗಳು ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು, ನೋಡಿಯೂ ನೋಡದ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಅದೇ ಕಷ್ಟವಾಗಿತ್ತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೆಂಚಿನವರೆಗೆ ಬಂದು, "ಇವತ್ತು ಹಾಗೇ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ" ಎಂದು ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಎದ್ದು ಹೋಗುತ್ತಿದ್ದರು. ಮೇಷ್ಟ್ರೊಬ್ಬರು ಮಾತ್ರ ಕುರ್ಚಿಯಲ್ಲಿ ಬಂದು ಕುಳಿತು ಕತ್ತು ಒಡ್ಡಿದರು. ಮಾಮ ನೊರೆ ಹಚ್ಚಿದರು. ಕತ್ತಿ ಎತ್ತಿಕೊಂಡರು. ಆಮೇಲೆ ಅದನ್ನು ಮಡಚಿ ಇಟ್ಟು, ಒದ್ದೆ ಟವೆಲ್ಲಿನಿಂದ ಮೇಷ್ಟ್ರ ಮುಖದ ನೊರೆಯನ್ನೆಲ್ಲ ಒರೆಸಿದರು.

"ನಿಮ್ಮ ಕತ್ತು ಮೇಷ್ಟ್ರೇ. ನನ್ನ ಕೈಲಾಗಲ್ಲ."

ಮೇಷ್ಟ್ರು ಕೊರಳಿನ ಬಟ್ಟೆಯನ್ನು ತಾವೇ ಬಿಚ್ಚಿ, ಮಡಚಿ ಕೊಟ್ಟರು.

ಪಾರ್ಕಿನ್ಸನ್ ಎಂದರು ಡಾಕ್ಟರು. ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ವಾಸಿ ಮಾಡಲಾಗದು ಎಂದರು. ಕೈ ಬಗ್ಗೆ, ನಡಿಗೆ ಬಗ್ಗೆ, ಜಾರಿ ಬೀಳದ ಹಾಗೆ ಬಚ್ಚಲನ್ನು ಹೇಗಿಡಬೇಕು ಎಂಬುದರ ಬಗ್ಗೆ ಹೇಳಿದರು. ಮುಖದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಮನೆಯವರಿಗೆ ಕೇಳಲೂ ತಿಳಿಯಲಿಲ್ಲ.

ಅಂಗಡಿಯನ್ನು ಬೇರೊಬ್ಬರು ನೋಡಿಕೊಳ್ಳತೊಡಗಿದರು. ಟಿವಿ ಮನೆಗೆ ಬಂತು. ಕಿಟಕಿ ಪಕ್ಕದ ಕುರ್ಚಿಗೆ ಮಾಮ ಬಂದರು. ಒಂದೆರಡು ವರ್ಷಗಳಲ್ಲಿ ರೋಗ ಕೈಯಿಂದ ಕಾಲಿಗೆ, ಕಾಲಿನಿಂದ ಮುಖಕ್ಕೆ ಹತ್ತಿತು. ಮುಖದ ಮಾಂಸಖಂಡಗಳೆಲ್ಲ ಬಿಗಿದುಕೊಂಡವು. ಹುಬ್ಬು ಏಳದು, ತುಟಿ ಅಗಲವಾಗದು, ಕಣ್ಣು ಮಿಟುಕಿಸುವುದೂ ಅಪರೂಪ. ದನಿ ಗಂಟಲಿನಲ್ಲೇ ಸಣ್ಣಗಾಗಿ, ಪಕ್ಕದಲ್ಲಿ ಕುಳಿತವರಿಗೂ ಏನೋ ಗೊಣಗಿದಂತಷ್ಟೇ ಕೇಳುತ್ತಿತ್ತು. ತಲೆಯೊಳಗೆ ಮಾತ್ರ ಏನೂ ಬದಲಾಗಿರಲಿಲ್ಲ. ಮಧ್ಯಾಹ್ನದ ಕಾರ್ಟೂನು ಶುರುವಾದರೆ ಮಾಮ ಒಳಗೊಳಗೇ ಹಿಂದಿನಷ್ಟೇ ನಗುತ್ತಿದ್ದರು. ಹೊರಗಿನಿಂದ ನೋಡಿದರೆ ಗೋಡೆ.

ಮಗಳು ಅಪ್ಪನನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪರದೆಯ ಮೇಲೆ ಬಾತುಕೋಳಿಯೊಂದು ಪಿಯಾನೋದೊಳಗೆ ಬಿದ್ದು ಒದ್ದಾಡುತ್ತಿದ್ದರೆ ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗದು. ಒಂದು ದಿನ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಹೇಳಿದಳು.

"ಅಮ್ಮ, ಆ ಕಾರ್ಟೂನ್ ಹಾಕ್ಬೇಡ ಇನ್ಮೇಲೆ. ನೋಡ್ತಾ ನೋಡ್ತಾ ಅಪ್ಪನಿಗೆ ಅಂಗಡಿ ನೆನಪಾಗುತ್ತೆ ಅನ್ಸುತ್ತೆ. ಮುಖ ನೋಡೋಕಾಗಲ್ಲ."

"ನನಗೂ ಹಾಗೇ ಅನ್ಸಿತ್ತು. ಪಾಪ, ಎಷ್ಟು ನಗ್ತಿದ್ದ ಮನುಷ್ಯ."

ಅವತ್ತಿನಿಂದ ಮಧ್ಯಾಹ್ನ ಟಿವಿಯಲ್ಲಿ ಕಾಡು, ಜಿಂಕೆ, ನದಿ. ನಡುವೆ ನಿಧಾನವಾಗಿ ಮಾತಾಡುವ ಒಬ್ಬ ಗಂಡಸಿನ ದನಿ. ಮನಸ್ಸಿಗೆ ಶಾಂತಿ ಸಿಗಲಿ ಎಂದು. ಮಾಮ "ಅದೇ ಇರಲಿ" ಎಂದು ಹೇಳಲು ಹೊರಡುತ್ತಿದ್ದರು. ಮಾತು ಕೂಡಿಕೊಂಡು ಬಾಯಿಗೆ ಬರುವಷ್ಟರಲ್ಲಿ ಹೆಂಡತಿ ಚಾನೆಲ್ ಬದಲಾಯಿಸಿ, ದಿಂಬು ಸರಿಮಾಡಿ, ಒಳಗೆ ಹೋಗಿ ಪಾತ್ರೆ ತೊಳೆಯುವ ನೀರು ಬಿಟ್ಟಿರುತ್ತಿದ್ದರು. ಒಮ್ಮೆ ರಿಮೋಟ್ ಮಡಿಲಿನಲ್ಲೇ ಉಳಿದಿತ್ತು. ಮಾಮ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದರು. ಬೆರಳಿನ ನಡುಕಕ್ಕೆ ಒಂದು ಒತ್ತು ಹತ್ತಾಗಿ ಚಾನೆಲ್ಲುಗಳು ಕುದುರೆಯ ಹಾಗೆ ಓಡಿ ಕುಸ್ತಿಯ ಅಖಾಡದಲ್ಲಿ ಹೋಗಿ ನಿಂತವು. ಹಿಂದೆ ತರಲು ಹೋದರೆ ಸದ್ದು ಏರಿತು. ಹೆಂಡತಿ ಓಡಿ ಬಂದು, "ಅಯ್ಯೋ, ಬೇಜಾರಾಯ್ತೇನ್ರೀ?" ಎಂದು ರಿಮೋಟನ್ನು ಕಪಾಟಿನ ಮೇಲಿಟ್ಟರು.

ನೋಡಲು ಬಂದ ನೆಂಟರು ಎದುರಿಗೇ ಕುಳಿತು ಮಾತಾಡುತ್ತಿದ್ದರು. "ಏನಾದ್ರೂ ಗೊತ್ತಾಗುತ್ತಾ ಅವ್ರಿಗೆ?" ಎಂದು ನಾದಿನಿ ಕೇಳಿದಾಗ, "ಯಾರಿಗೆ ಗೊತ್ತು" ಎಂದರು ಹೆಂಡತಿ, ಸುಸ್ತಾದ ದನಿಯಲ್ಲಿ. ಮಾಮ ಜಿಂಕೆಗಳನ್ನು ನೋಡುತ್ತ ಕುಳಿತಿದ್ದರು. ಜಿಂಕೆಗಳು ಮೇಯುತ್ತಿದ್ದವು. ಅವು ಎಷ್ಟು ಹೊತ್ತಾದರೂ ಎಲ್ಲಿಂದಲೂ ಬೀಳುತ್ತಿರಲಿಲ್ಲ.

ಗುಟ್ಟು ಬಯಲಾದದ್ದು ಗಡ್ಡ ತೆಗೆಯುವಾಗ. ಗಂಡನಿಗೆ ಗಡ್ಡ ತೆಗೆಯುವ ಕೆಲಸ ಹೆಂಡತಿಯ ಪಾಲಿಗೆ ಬಂದಿತ್ತು. ಕಾಲರ್ ಹೊಲಿದ ಕೈ, ಅಳುಕಿರಲಿಲ್ಲ. ಅವತ್ತು ಬೆಳಿಗ್ಗೆ ಪಕ್ಕದ ಮನೆಯ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಬಿಟ್ಟು ಹೋಗಿದ್ದರು. ಅದು ಹಟ ಮಾಡಿದ್ದಕ್ಕೆ ಟಿವಿಯಲ್ಲಿ ಕಾರ್ಟೂನು ಹಾಕಿಯಾಗಿತ್ತು. ಹೆಂಡತಿ ಎಡಗೈಯಿಂದ ಗಂಡನ ಗದ್ದವನ್ನು ಮೇಲೆತ್ತಿ ಹಿಡಿದು ಕೊರಳಿನ ಮೇಲೆ ರೇಜರ್ ಆಡಿಸುತ್ತಿದ್ದರು. ಕೈಯಡಿ ಗಂಟಲು ಕುಪ್ಪಳಿಸಿತು. ರೇಜರ್ ತೆಗೆದರು. ನಿಂತಿತು. ಟಿವಿಯಲ್ಲಿ ಏನೋ ಧಡಾರನೆ ಬಿದ್ದ ಸದ್ದು, ಮಗುವಿನ ಕೇಕೆ. ಅಂಗೈಯಡಿ ಗಂಟಲು ಮತ್ತೆ ಕುಪ್ಪಳಿಸಿತು. ಮುಖ ನೋಡಿದರೆ ಎಂದಿನ ಗೋಡೆ. ಅಂಗಿಯ ಮೇಲೆ ಹೊಟ್ಟೆಗೆ ಕೈ ಇಟ್ಟು ನೋಡಿದರು. ಹೊಟ್ಟೆ ಕುಣಿಯುತ್ತಿತ್ತು.

"ರೀ... ನಗ್ತಿದೀರಾ?"

ಬಹಳ ಹೊತ್ತಾಯಿತು. ಕೆನ್ನೆಯ ನೊರೆ ಕರಗಿ ಕೊರಳಿಗೆ ಇಳಿಯಿತು.

"ಹ್ಞೂಂ."

"ದಿನಾ ನಗ್ತಿದ್ರಾ? ಆಗೆಲ್ಲ?"

"ಹ್ಞೂಂ."

"ಮತ್ತೆ ಇಷ್ಟು ದಿನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ!" ಎಂದು ರೇಗಿದವರು, ರೇಗಿದ ಮೇಲೆ ತಾವು ಏನು ಕೇಳಿದೆವೆಂದು ಹೊಳೆದು, ರೇಜರ್ ಹಿಡಿದೇ ನೆಲದ ಮೇಲೆ ಕುಳಿತುಬಿಟ್ಟರು. ಮಗು ತಿರುಗಿ ನೋಡಿ, ದೊಡ್ಡವರು ಅಳುತ್ತಿದ್ದಾರೆಂದು ತಾನೂ ಅಳತೊಡಗಿತು.

ಆಮೇಲಿನ ಕೆಲವು ತಿಂಗಳು ಆ ಮನೆಯಲ್ಲಿ ಮಧ್ಯಾಹ್ನಗಳು ಚೆನ್ನಾಗಿದ್ದವು. ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಗಂಡನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದರು. ಅವರಿಗೆ ಆಗಲೂ ಕಾರ್ಟೂನಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೆ ಅಂಗೈಗೆ ಗೊತ್ತಾಗುತ್ತಿತ್ತು. "ಇದಕ್ಕೆ ಜೋರು ನಗು ನಿಮ್ಮಪ್ಪಂಗೆ, ಆ ಕತ್ತೆ ಬಂದ್ರೆ ಅಷ್ಟಿಲ್ಲ," ಎಂದು ಮಗಳಿಗೆ ವರದಿ ಒಪ್ಪಿಸುತ್ತಿದ್ದರು. ಮೇಷ್ಟ್ರಿಗೂ ಸುದ್ದಿ ಹೋಗಿ, ಅವರೂ ಕೋಲೂರಿಕೊಂಡು ಬಂದು ಕುಳಿತು ಇಬ್ಬರ ಪಾಲಿನದ್ದನ್ನೂ ತಾವೊಬ್ಬರೇ ನಕ್ಕು ಹೋದರು.

ಆದರೆ ರೋಗ ಸುಮ್ಮನಿರಲಿಲ್ಲ. ಈ ಸಲ ಗಂಟಲಿಗೆ ಇಳಿದಿತ್ತು. ನುಂಗುವುದು ನಿಧಾನವಾಯಿತು. ಮೆತ್ತಗೆ ಕಿವುಚಿದ ಊಟವನ್ನೂ ಚಮಚದಲ್ಲಿ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಬೇಕಿತ್ತು. ಒಂದು ಮಧ್ಯಾಹ್ನ ಬಾಯಲ್ಲಿ ತುತ್ತಿದ್ದಾಗಲೇ ಟಿವಿಯಲ್ಲಿ ಯಾವುದೋ ನರಿ ಬಾಗಿಲೆಂದು ತಿಳಿದು ಗೋಡೆಯ ಮೇಲಿನ ಚಿತ್ರಕ್ಕೆ ಡಿಕ್ಕಿ ಹೊಡೆಯಿತು. ಮಾಮನಿಗೆ ನಗು ಉಕ್ಕಿತು. ತುತ್ತು ಉಸಿರಿನ ದಾರಿಗೆ ಹೋಯಿತು. ಮುಖ ನೀಲಿಗಟ್ಟಿತು. ಹೆಂಡತಿ ಬೆನ್ನಿಗೆ ಗುದ್ದಿದರು, ಕೂಗಿದರು, ಪಕ್ಕದ ಮನೆಯವರು ಬಂದು ಎತ್ತಿಕೊಂಡು ಆಟೋಗೆ ಹಾಕಿದರು. ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾಮ ಅರ್ಧಕ್ಕೆ ಇಳಿದಿದ್ದರು.

ಡಾಕ್ಟರು ಮಗಳನ್ನು ಕೂರಿಸಿಕೊಂಡು ಹೇಳಿದ್ದರು: ಊಟದ ಹೊತ್ತಿಗೆ ಟಿವಿ ಬೇಡ, ಮಾತು ಬೇಡ, ನಗಿಸುವುದಂತೂ ಬೇಡವೇ ಬೇಡ. ಬೇರೆ ಹೊತ್ತಿನಲ್ಲೂ ಎಚ್ಚರ, ಬಾಯಲ್ಲಿ ಸೇರಿದ ಜೊಲ್ಲೇ ಶ್ವಾಸಕ್ಕೆ ಹೋಗಬಹುದು.

ಮಾಮನನ್ನು ಕಿಟಕಿ ಪಕ್ಕ ಕೂರಿಸಿ ಅಮ್ಮ ಮಗಳು ಅಡುಗೆಮನೆಯಲ್ಲಿ ನಿಂತು ವಾದ ಮಾಡಿದರು. ಗೋಡೆ ತೆಳು. ಎಲ್ಲವೂ ಕೇಳುತ್ತಿತ್ತು.

"ಡಾಕ್ಟರ್ ಅಷ್ಟು ಹೇಳಿದ್ಮೇಲೂ ಹಾಕ್ತೀಯಾಮ್ಮ? ಅವತ್ತು ನೋಡಿದೀಯಲ್ಲ ನೀನು!"

"ನೋಡಿದೀನಿ. ಆದ್ರೆ ನಗಬಾರ್ದು ಅಂದ್ರೆ ಆ ಮನುಷ್ಯಂಗೆ ಇನ್ನೇನು ಉಳೀತು ಹೇಳು."

"ಉಸಿರು ಉಳಿಯುತ್ತೆ!"

ಆಮೇಲೆ ಮಗಳ ದನಿ ತಗ್ಗಿತು. "ನಾನೇನು ಬೇಡ ಅಂತ ಹೇಳ್ತಿದೀನಾ? ನಂಗೂ ಗೊತ್ತಾಗ್ತಿಲ್ಲಮ್ಮ ಏನ್ ಮಾಡ್ಬೇಕು ಅಂತ."

ಮಾಮ ತಮ್ಮ ಪಾಲಿನ ಮಾತು ಹೇಳಲೆಂದು ಬಾಯಿ ತೆರೆದರು. ಇಬ್ಬರೂ ಹೇಳುತ್ತಿದ್ದದ್ದು ಅವರಿಗೆ ಸರಿಯೆನಿಸಿತ್ತು. ಯಾರ ಕಡೆ ಹೇಳಬೇಕೆಂದು ತಿಳಿಯುವ ಮೊದಲೇ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು.

ಕೊನೆಗೆ ಮಗಳೇ ಒಂದು ದಾರಿ ಹುಡುಕಿದಳು. ಸಂಜೆ, ತಿಂದದ್ದೆಲ್ಲ ಇಳಿದ ಮೇಲೆ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಸ್ವಲ್ಪ ಹೊತ್ತು ಕಾರ್ಟೂನು ಹಾಕುವುದು. ಆದರೆ ಅಷ್ಟೊಂದು ನಗು ಬರದಂಥದ್ದನ್ನು. ಲ್ಯಾಬಿನಿಂದ ಬಂದವಳು ಕುಳಿತು, ತಾನೇ ಮೊದಲು ನೋಡಿ, ಆರಿಸಿದಳು. ಅಂಬೆಗಾಲಿಡುವ ಮಕ್ಕಳಿಗಾಗಿ ಮಾಡಿದ್ದು ಅದು. ಗುಂಡು ಮುಖದ ಒಂದು ಮೋಡ, ಒಂದು ಚಿಟ್ಟೆ, ಕಂಪ್ಯೂಟರಿನ ಹೊಳಪು. ಮೋಡ ಎಲ್ಲರಿಗೂ ನಮಸ್ಕಾರ ಹೇಳುತ್ತದೆ, ಚಿಟ್ಟೆಗೆ ಬಣ್ಣಗಳ ಹೆಸರು ಕಲಿಸುತ್ತದೆ, ಇಬ್ಬರೂ ಹಲ್ಲುಜ್ಜುವುದರ ಬಗ್ಗೆ ಹಾಡುತ್ತಾರೆ. ಯಾರೂ ಎಲ್ಲಿಂದಲೂ ಬೀಳುವುದಿಲ್ಲ. ಬಿದ್ದರೂ ಕೆಳಗೆ ಹೂವಿರುತ್ತದೆ.

ಎಷ್ಟೋ ದಶಕ ಕರಡಿ, ಅಳಿಲು, ಬಾತುಕೋಳಿಗಳನ್ನು ನೋಡಿ ಪಳಗಿದ ಮನುಷ್ಯ. ಇಷ್ಟು ಸಪ್ಪೆಯಾದದ್ದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ದಿನಾ ಸಂಜೆ ಮೋಡ ಬಂದು ನಮಸ್ಕಾರ ಹೇಳುವಾಗ ಮಾಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮಗಳು ಪಕ್ಕದಲ್ಲಿ ಕುಳಿತು, ಅಮ್ಮನ ಹಾಗೆಯೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ನೋಡಮ್ಮ, ಎಷ್ಟು ಆರಾಮಾಗಿದೆ ಉಸಿರು" ಎನ್ನುತ್ತಿದ್ದಳು.

ಒಂದು ದಿನ ಮಾಮ ಹೇಳಿಯೇ ತೀರಬೇಕೆಂದು ನಿರ್ಧರಿಸಿದರು. ಮಧ್ಯಾಹ್ನವಿಡೀ ಮಾತನ್ನು ಒಟ್ಟುಮಾಡಿದರು. ಉದ್ದದ ಮಾತು ಆಗುವುದಿಲ್ಲ. ಎರಡೇ ಶಬ್ದ: ಇದು ಚೆನ್ನಾಗಿಲ್ಲ. ಒಳಗೊಳಗೇ ಹೇಳಿ ಹೇಳಿ ನಾಲಿಗೆಗೆ ರೂಢಿ ಮಾಡಿಸಿದರು. ಸಂಜೆ ಮಗಳು ಬಂದಳು, ಚಪ್ಪಲಿ ಬಿಟ್ಟಳು, ದಿಂಬು ಸರಿಪಡಿಸಿದಳು, ಟಿವಿ ಹಾಕಿದಳು. ಮೋಡ ಬಂತು. ಮಾಮ ಉಸಿರು ಎಳೆದುಕೊಂಡು ತುಟಿ ತೆರೆದರು.

"ಇದು..."

ಮಗಳು ತಟ್ಟನೆ ತಿರುಗಿದಳು. "ಏನಪ್ಪ? ಹೇಳಪ್ಪ, ಹೇಳು."

"ಇದು... ಚೆನ್ನಾಗಿ..."

ಇದೆಯೋ ಇಲ್ಲವೋ ಎಂಬುದು ನಮ್ಮ ಮಾತಿನಲ್ಲಿ ಕಟ್ಟಕಡೆಗೆ ಬರುತ್ತದೆ. ಅಲ್ಲಿಗೆ ತಲುಪುವಷ್ಟು ಉಸಿರು ಮಾಮನಲ್ಲಿ ಉಳಿದಿರಲಿಲ್ಲ. ಉಳಿದದ್ದು ಗಂಟಲಲ್ಲೇ ಕರಗಿತು.

"ಅಮ್ಮಾ!" ಎಂದು ಮಗಳು ಕೂಗಿದಳು. "ಅಮ್ಮಾ, ಬಾ ಇಲ್ಲಿ! ಅಪ್ಪ ಮಾತಾಡಿದ್ರು! ಇದು ಚೆನ್ನಾಗಿದೆ ಅಂದ್ರು!"

ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದರು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಇಬ್ಬರ ಮುಖವೂ ಅರಳಿತ್ತು. ಮಗಳ ಕಣ್ಣಲ್ಲಿ ನೀರಿತ್ತು. ಮಾಮ ಅವಳನ್ನು ನೋಡಿದರು. ತಲೆಯಾಡಿಸಿ ಇಲ್ಲವೆನ್ನಬಹುದಿತ್ತು, ಕತ್ತು ಅಷ್ಟು ತಿರುಗುತ್ತಿರಲಿಲ್ಲ. ತಿರುಗಿದ್ದರೂ, ಆ ಮುಖ ನೋಡಿದ ಮೇಲೆ ಹಾಗೆ ಮಾಡಲು ಮನಸ್ಸು ಬರುತ್ತಿತ್ತೋ ಇಲ್ಲವೋ.

"ಇನ್ಮೇಲೆ ದಿನಾ ಇದನ್ನೇ ಹಾಕ್ತೀನಪ್ಪ," ಎಂದಳು ಮಗಳು.

ಮೋಡ ಹಲ್ಲುಜ್ಜುವ ಹಾಡು ಶುರು ಮಾಡಿತು. ಮಾಮ ನಿಧಾನವಾಗಿ ಕಣ್ಣು ಮುಚ್ಚಿಕೊಂಡರು. ಅಪ್ಪನಿಗೆ ನಿದ್ದೆ ಬಂತೆಂದು ಮಗಳು ಸದ್ದನ್ನು ತುಸು ತಗ್ಗಿಸಿ, ಪಕ್ಕದಲ್ಲೇ ಕುಳಿತಳು.